ಹ್ಯಾಡಕ್ ಬಂದ ದಿನ

ಮೇವಿಸ್ ಲೆವರ್ಟನ್ ಮೀನಿನ ಬಂದರಿನ ಹುಡುಗಿ. ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದಿನ ಸಾಲುಮನೆಯಲ್ಲಿ ಹುಟ್ಟಿ, ಹದಿನಾಲ್ಕನೇ ವಯಸ್ಸಿಗೇ ಚಾಕು ಹಿಡಿದು ಮೀನು ಸೀಳಲು ನಿಂತವಳು. ಸಂಜೆ ಶಾಲೆಯಲ್ಲಿ ಟೈಪಿಂಗ್ ಕಲಿತಳು. ಯುದ್ಧ ಬಂದಾಗ ವಾಯುಪಡೆಯ ನೀಲಿ ಸಮವಸ್ತ್ರ ತೊಟ್ಟು ಲಿಂಕನ್‌ಶೈರಿನ ನಮ್ಮ ಬಾಂಬರ್ ನೆಲೆಗೆ ಬಂದಳು. ಸಂಕೇತದ ಕೊಠಡಿಯಲ್ಲಿ ಅವಳ ಎದುರಿನ ಕುರ್ಚಿ ನನ್ನದು. ನನ್ನ ಹೆಸರು ಎನಿಡ್ ಕಟ್‌ಫರ್ತ್. ಈಗ ಎಂಬತ್ತೆರಡು ವರ್ಷ. ಅಲ್ಲಿ ನಡೆದದ್ದರ ಬಗ್ಗೆ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿದವಳು ನಾನು. ಈಗ ಹೇಳುತ್ತಿದ್ದೇನೆ, ಯಾರು ಬಂದು ಹಿಡಿದುಕೊಂಡು ಹೋಗುತ್ತಾರೋ ಹೋಗಲಿ. ಊರುಗಳ ಹೆಸರು ಮಾತ್ರ ಹೇಳುವುದಿಲ್ಲ. ಕೊಟ್ಟ ಮಾತು ಅಷ್ಟಾದರೂ ಉಳಿಯಲಿ.

ನಮ್ಮ ಕೆಲಸ ಇಷ್ಟೇ. ಬೆಳಿಗ್ಗೆ ಹತ್ತರ ಸುಮಾರಿಗೆ ಕೇಂದ್ರ ಕಚೇರಿಯಿಂದ ಟೆಲಿಪ್ರಿಂಟರಿನಲ್ಲಿ ಒಂದು ಮೀನಿನ ಹೆಸರು ಬರುತ್ತಿತ್ತು. ಜರ್ಮನಿಯ ಒಂದೊಂದು ಊರಿಗೂ ಒಂದೊಂದು ಮೀನಿನ ಹೆಸರಿಟ್ಟಿದ್ದರು. ಮೇಲಿನ ಯಾವನೋ ಸಾಹೇಬನಿಗೆ ಗಾಳ ಹಾಕುವ ಹುಚ್ಚಂತೆ. ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಪಟ್ಟಿ ತೆಗೆದು ಒಬ್ಬಳು ಆ ಮೀನಿನ ಊರು ಯಾವುದೆಂದು ಚೀಟಿಯಲ್ಲಿ ಬರೆಯಬೇಕು. ಇನ್ನೊಬ್ಬಳು ಪಟ್ಟಿಗೆ ತಾಳೆ ನೋಡಬೇಕು. ಇಬ್ಬರ ಸಹಿ ಬಿದ್ದ ಚೀಟಿ ಹೊರಗೆ ಹೋದ ಕೂಡಲೇ ನೆಲೆಯ ಗೇಟು ಮುಚ್ಚುತ್ತಿದ್ದರು, ಟೆಲಿಫೋನ್ ಗೂಡಿಗೆ ಬೀಗ ಜಡಿಯುತ್ತಿದ್ದರು. ವಿಮಾನಗಳು ಹೊರಟು ಹೋಗುವವರೆಗೆ ಒಂದು ನರಪಿಳ್ಳೆಯೂ ಆಚೆ ಹೋಗುವಂತಿರಲಿಲ್ಲ.

ಮೊದಮೊದಲು ಮೇವಿಸ್‌ಗೆ ಆ ಪಟ್ಟಿ ಕಂಡರೆ ನಗು.

"ಈ ಹೆಸರಿಟ್ಟ ಪುಣ್ಯಾತ್ಮ ಮೀನು ಹಿಡಿದಿರಬಹುದು ಕಣೇ, ಆದ್ರೆ ಒಂದರ ಹೊಟ್ಟೇನೂ ಸೀಳಿಲ್ಲ. ಒಂದು ದಿನ ಇವನನ್ನ ನಮ್ಮ ಕಟ್ಟೆ ಮೇಲೆ ನಿಲ್ಲಿಸ್ಬೇಕು. ಮಧ್ಯಾಹ್ನದೊಳಗೆ ಅಳ್ತಾ ಮನೆಗೆ ಓಡದಿದ್ರೆ ನನ್ನ ಹೆಸರು ಮೇವಿಸ್ಸೇ ಅಲ್ಲ!"

ನಲವತ್ತನಾಲ್ಕರ ವಸಂತದಲ್ಲಿ ಇನ್ನಷ್ಟು ಊರುಗಳು ಸೇರಿದ ಹೊಸ ಪಟ್ಟಿ ಬಂತು. ಆವತ್ತಿನಿಂದ ಅವಳ ನಗು ನಿಂತಿತು. ಬೆಳಿಗ್ಗೆ ಯಂತ್ರ ಕಟಕಟ ಎಂದರೆ ಮುಖ ಬಿಳಿಚಿಕೊಳ್ಳುತ್ತಿತ್ತು, ಕಾಗದ ಹರಿದು ಓದಿದ ಮೇಲಷ್ಟೇ ಉಸಿರು ಬಿಡುತ್ತಿದ್ದಳು. ನಾನು ಪೆದ್ದಿ, ಯಾವನೋ ಪೈಲಟ್ಟಿನ ಹಿಂದೆ ಬಿದ್ದಿದ್ದಾಳೆ ಅಂದುಕೊಂಡೆ.

ವಿಷಯ ಅದಲ್ಲ ಎಂದು ಗೊತ್ತಾದದ್ದು ಆಮೇಲೆ. ಪಟ್ಟಿಯಲ್ಲಿ ಹ್ಯಾಡಕ್ ಮೀನಿನ ಮುಂದೆ ಇದ್ದದ್ದು ಜರ್ಮನಿಯ ಒಂದು ಬಂದರು. ಮೇವಿಸಳ ಅಕ್ಕ ಕಾನಿ ಯುದ್ಧಕ್ಕೆ ಎಷ್ಟೋ ಮುಂಚೆ ಹಿನ್ರಿಕ್ ಎಂಬ ಹಡಗಿನ ಅಡುಗೆಯವನನ್ನು ಮದುವೆಯಾಗಿ ಆ ಊರಿಗೇ ಹೋಗಿದ್ದಳು. ಶತ್ರುದೇಶದಲ್ಲಿ ಸಂಬಂಧಿಕರಿದ್ದಾರೆಯೇ ಎಂದು ಭರ್ತಿಯ ಅರ್ಜಿಯಲ್ಲಿ ಕೇಳಿದ್ದಕ್ಕೆ ಮೇವಿಸ್ 'ಇಲ್ಲ' ಎಂದು ಬರೆದಿದ್ದಳು. ಹಾಗೆ ಬರೆಸಿದ್ದು ಅವಳಪ್ಪ. "ಕಾನಿ ಹೆಸರು ಎತ್ತಬೇಡ ಮಗಳೇ, ಪೊಲೀಸ್ನೋರು ಬಾಗಿಲಿಗೆ ಬರ್ತಾರೆ" ಅಂದಿದ್ದನಂತೆ. ಈಗ ಬೇರೆ ಕೆಲಸ ಕೊಡಿ ಎಂದು ಕೇಳಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅಪ್ಪ ಮಗಳು ಇಬ್ಬರೂ ಜೈಲಿಗೆ. ಹೇಳದಿದ್ದರೆ ದಿನಾ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತು ಕಾಯಬೇಕು. ನಾಲ್ಕು ತಿಂಗಳು ಹಾಗೆಯೇ ಕಾದಳು.

ಆಗಸ್ಟಿನ ಒಂದು ಶುಕ್ರವಾರ. ಮೇವಿಸ್ ಕಾಗದ ಹರಿದಳು, ಚೀಟಿ ಬರೆದು ನನ್ನ ಕಡೆ ತಳ್ಳಿದಳು. ನಾನು ಪಟ್ಟಿ ನೋಡಿದೆ. ಬಂದದ್ದು ಹ್ಯಾಡಕ್. ಚೀಟಿಯಲ್ಲಿದ್ದದ್ದು ಟ್ರೌಟ್ ಮೀನಿನ ಊರು.

"ಮೇವಿಸ್, ತಪ್ಪು ಬರ್ದಿದೀಯ."

"ಗೊತ್ತು."

"ಗೊತ್ತಾ? ಮತ್ತೆ?"

"ಸಹಿ ಹಾಕು ಎನಿಡ್. ನಿನ್ನ ದಮ್ಮಯ್ಯ. ಹ್ಯಾಡಕ್ ಊರಲ್ಲಿ ನಮ್ಮಕ್ಕ ಇದಾಳೆ. ಅವಳ ಮಗಳು ಟಿಲ್ಡಾಗೆ ಇನ್ನೂ ಒಂಬತ್ತು ವರ್ಷ."

ನನಗೆ ಕೋಪ ಬಂತು, ಹೇಳಲಾರದಷ್ಟು ಕೋಪ. ಇದನ್ನು ನನ್ನ ತಲೆಗೆ ಯಾಕೆ ಕಟ್ಟಿದಳು?

"ನಿನಗೇನು ತಲೆ ಕೆಟ್ಟಿದ್ಯಾ? ಹಿಂದೇನೇ ಕೇಂದ್ರ ಕಚೇರಿಯಿಂದ ವಿಮಾನದ ದಾರಿ ನಕ್ಷೆ ಬರುತ್ತೆ, ಅರ್ಧ ಗಂಟೇಲಿ ಸಿಕ್ಕಿಬೀಳ್ತೀಯ. ಬೇರೆ ನೆಲೆಯೋರು ಹೇಗೂ ಅಲ್ಲಿಗೇ ಹೋಗ್ತಾರೆ. ನಿಮ್ಮಕ್ಕ ಉಳೀತಾಳಾ ಇದ್ರಿಂದ?"

"ನಾನು ಬರ್ದಿಲ್ಲ ಅಂತಾದ್ರೂ ಆಗುತ್ತಲ್ಲೇ."

"ಬರ್ದಿದೀಯಲ್ಲ! ಟ್ರೌಟಿನ ಊರು ಬರ್ದಿದೀಯ. ಅಲ್ಲಿ ಯಾರ ಅಕ್ಕ ಇದಾಳೆ ಅಂತ ವಿಚಾರಿಸಿದ್ಯಾ?"

ಬಾಗಿಲು ಬಡಿದ ಸದ್ದು. ಹೊರಗಿನಿಂದ ನಮ್ಮ ಮೇಲಧಿಕಾರಿ ಪಿಂಡರ್ ಮೇಡಂ ಕೂಗಿದರು: "ಏನ್ರಮ್ಮಾ, ಇನ್ನೂ ಎಷ್ಟು ಹೊತ್ತು? ಸಾಹೇಬ್ರು ಕಾಯ್ತಾ ಇದಾರೆ!"

"ಒಂದೇ ನಿಮಿಷ ಮೇಡಂ," ಅಂದಳು ಮೇವಿಸ್.

ಹೊಸ ಚೀಟಿ ತೆಗೆದುಕೊಂಡು ಅಕ್ಕನ ಊರಿನ ಹೆಸರನ್ನು ದುಂಡಗೆ ಬರೆದಳು. ಸಹಿ ಹಾಕಿದಳು. ಕೆಳಗೆ ನಾನೂ ಹಾಕಿದೆ. ಹಾಳಾದ ಚೀಟಿಯನ್ನು ಸುಡಬೇಕೆಂಬುದು ನಿಯಮ; ತಗಡಿನ ಡಬ್ಬದಲ್ಲಿ ನಾನೇ ಸುಟ್ಟೆ. ಕಿಟಕಿಯಾಚೆ ಕಾವಲಿನವನು ಟೆಲಿಫೋನ್ ಗೂಡಿಗೆ ಬೀಗ ಹಾಕುತ್ತಿದ್ದ.

ಶುಕ್ರವಾರ ಮೀನು ತಿನ್ನುವುದು ನಮ್ಮವರ ಪದ್ಧತಿ; ಮಧ್ಯಾಹ್ನದ ಊಟಕ್ಕೆ ಕರಿದ ಮೀನು. ಅಡುಗೆಯ ಗ್ಲಾಡಿಸ್‌ಗೆ ಮೇವಿಸ್ ಎಂದರೆ ಅಕ್ಕರೆ.

"ಬಾರಮ್ಮ ಗ್ರಿಮ್ಸ್‌ಬಿ ರಾಣಿ! ನಿಮ್ಮೂರಿಂದ್ಲೇ ಬಂದಿರೋ ಹ್ಯಾಡಕ್. ಇನ್ನೊಂದು ತುಂಡು ಹಾಕ್ಲಾ?"

"ಹಾಕಿ," ಅಂದಳು ಮೇವಿಸ್.

ತಟ್ಟೆಯಲ್ಲಿ ಬಿಟ್ಟರೆ ಯಾರಾದರೂ ಯಾಕೆ ಎಂದು ಕೇಳುತ್ತಾರೆ. ಎರಡೂ ತುಂಡು ತಿಂದಳು. ಬ್ರೆಡ್ಡಿನಿಂದ ತಟ್ಟೆ ಒರೆಸಿ ಅದನ್ನೂ ತಿಂದಳು. ನಾನು ಎದುರಿಗೆ ಕೂತು ನೋಡಿದೆ.

ಸಂಜೆ, ಇನ್ನೂ ಬೆಳಕಿರುವಾಗ, ವಿಮಾನಗಳು ಹೊರಟವು. ರನ್‌ವೇ ತುದಿಯಲ್ಲಿ ಹುಡುಗಿಯರೆಲ್ಲ ನಿಂತು ಕೈ ಬೀಸುವುದು ನಮ್ಮಲ್ಲಿ ವಾಡಿಕೆ. ಬರದಿದ್ದವಳನ್ನು ಅಪಶಕುನದವಳು ಎನ್ನುತ್ತಿದ್ದರು. ಮೇವಿಸ್ ಬಂದಳು. ಕೊನೆಯ ವಿಮಾನದವರೆಗೂ ಕೈ ಬೀಸಿದಳು. ಆ ಕ್ಷಣ ನನಗೆ ಅವಳ ಮೇಲೆ ಅಸಹ್ಯ ಹುಟ್ಟಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನೋಡಿದರೆ ನನ್ನ ಕೈಯೂ ಮೇಲೇ ಇತ್ತು.

ಹನ್ನೊಂದು ದಿನ ಕಳೆದು ಟ್ರೌಟ್ ಬಂತು. ಆವತ್ತು ಬರೆಯುವ ಸರದಿ ನನ್ನದು, ತಾಳೆ ನೋಡಿದವಳು ಮೇವಿಸ್. ಒಂದೇ ನಿಮಿಷದಲ್ಲಿ ಚೀಟಿ ಹೊರಗೆ ಹೋಯಿತು.

ಯುದ್ಧ ಮುಗಿದ ವರ್ಷದ ಚಳಿಗಾಲದಲ್ಲಿ ರೆಡ್ ಕ್ರಾಸಿನ ಕಾಗದ ಬಂತು. ಕಾನಿ ಬದುಕಿದ್ದಳು. ಟಿಲ್ಡಾ ಮತ್ತು ಹಿನ್ರಿಕ್ ಆ ಶುಕ್ರವಾರದ ರಾತ್ರಿಯೇ ತೀರಿಹೋಗಿದ್ದರು. ನಲವತ್ತೇಳರಲ್ಲಿ ಕಾನಿ ಒಂದು ಸೂಟ್‌ಕೇಸ್ ಹಿಡಿದು ತವರಿಗೆ ಬಂದಳು. ಮೇವಿಸ್ ಮದುವೆಯಾಗಲಿಲ್ಲ. ಅಕ್ಕತಂಗಿಯರು ಆ ಸಾಲುಮನೆಯಲ್ಲಿ ಮೂವತ್ತನಾಲ್ಕು ವರ್ಷ ಒಟ್ಟಿಗೆ ಬಾಳಿದರು.

ನಾನು ಹೋದಾಗಲೆಲ್ಲ ಚಹಾದ ಹೊತ್ತಿಗೆ ಕಾನಿಯ ಮಾತು ಆ ಶುಕ್ರವಾರಕ್ಕೇ ಬರುತ್ತಿತ್ತು. "ಆವತ್ತು ಬೆಳಿಗ್ಗೆ ಯಾವನೋ ಒಬ್ಬ ಕುರ್ಚಿ ಮೇಲೆ ಕೂತ್ಕೊಂಡು ನಮ್ಮೂರ ಹೆಸರು ಬರ್ದಿರ್ತಾನೆ, ಅಲ್ವೇನೇ ಮೇವಿಸ್? ಬರ್ದಾದ್ಮೇಲೆ ಅವನು ಊಟ ಮಾಡಿದ್ನಾ? ಅದೊಂದು ನನಗೆ ಗೊತ್ತಾಗ್ಬೇಕು."

ಮೇವಿಸ್ ಅವಳ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದಳು.

"ಹೇಳಿಬಿಡೇ," ಎಂದು ಒಮ್ಮೆ ಬಸ್‌ಸ್ಟಾಪಿನಲ್ಲಿ ನಾನು ರೇಗಿದೆ. "ಎಷ್ಟು ವರ್ಷ ಅಂತ ಹೀಗೆ ಬೇಯ್ತೀಯ?"

"ಹೇಳಿದ್ರೆ ನನ್ನ ಎದೆ ಹಗುರ ಆಗುತ್ತೆ. ಅವಳಿಗೆ ಇರೋ ಒಬ್ಬ ತಂಗೀನೂ ಹೋಗ್ತಾಳೆ. ಬೇಡ ಬಿಡು."

ಎಂಬತ್ತೊಂದರಲ್ಲಿ ಮೇವಿಸ್ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಕಾನಿ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ತಟ್ಟೆ ಇಟ್ಟಳು. ಬಿಸಿಬಿಸಿ ಕರಿದ ಹ್ಯಾಡಕ್.

"ಇಷ್ಟು ವರ್ಷ ಈ ಮನೇಲಿ ಇದನ್ನ ಮಾಡೋಕೆ ಬಿಡ್ಲಿಲ್ಲ ಅವಳು. ಗ್ರಿಮ್ಸ್‌ಬಿಲಿ ಹುಟ್ಟಿ, ಹ್ಯಾಡಕ್ ವಾಸನೆಗೇ ಎದ್ದು ಹೋಗೋಳು. ಯಾಕೋ ಏನೋ, ಕೇಳಿದ್ರೆ ಬಾಯಿ ಬಿಡ್ತಿರ್ಲಿಲ್ಲ." ಅವಳು ಎದುರಿಗೆ ಕೂತಳು. "ಎನಿಡ್, ನೀವಿಬ್ರೂ ಅಲ್ಲಿ ಏನು ಕೆಲಸ ಮಾಡ್ತಿದ್ರಿ?"

"ಟೈಪಿಂಗ್," ಅಂದೆ.

ಕಾನಿ ನನ್ನ ಮುಖವನ್ನೇ ನೋಡಿದಳು. ನಾನು ತಿಂದೆ, ತಟ್ಟೆ ಬರಿದಾಗುವವರೆಗೂ ತಿಂದೆ.

"ಇನ್ನೊಂದು ತುಂಡು ಹಾಕ್ಲಾ?"

"ಹಾಕಿ," ಅಂದೆ.