ಪಾಡವಕ್ಕೆ ಬಂದ ಆರು ಟೈರು

ದೀಪಾವಳಿಯ ಪಾಡವದ ದಿನ, ಅಂದರೆ ಬಲಿಪಾಡ್ಯಮಿಯಂದು, ನಮ್ಮ ಗಡಹಿಂಗ್ಲಜದಲ್ಲಿ ಹೆಂಡತಿ ಗಂಡನಿಗೆ ಆರತಿ ಎತ್ತುತ್ತಾಳೆ, ಗಂಡ ಆರತಿ ತಟ್ಟೆಯಲ್ಲಿ ಉಡುಗೊರೆ ಇಡುತ್ತಾನೆ. ಆ ವರ್ಷ ಪಕ್ಕದ ಮನೆಯಾಕೆಗೆ ರೇಷ್ಮೆ ಸೀರೆ ಬಂತು, ಎದುರು ಮನೆಯಾಕೆಗೆ ಕಿವಿಯೋಲೆ. ನನಗೆ ಆರು ಟೈರು ಬಂದವು.

ತಟ್ಟೆಯಲ್ಲಿ ಹಿಡಿಸುವ ವಸ್ತುವಲ್ಲವಲ್ಲ, ಅದಕ್ಕೆ ನನ್ನ ಗಂಡ ಕೈಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದರು. ನಮ್ಮ ಸಣ್ಣ ಟ್ರಕ್ಕು ಚೆಂಡುಹೂವಿನ ಮಾಲೆ ಹಾಕಿಕೊಂಡು, ಮೊದಲಿಗಿಂತ ನಾಲ್ಕು ಬೆರಳು ಎತ್ತರವಾಗಿ ನಿಂತಿತ್ತು. ಅದರ ಅಳತೆಗೆ ಮೀರಿದ, ಅಗಲವಾದ ಕರಿ ಟೈರುಗಳು ಮಿರಿಮಿರಿ ಮಿಂಚುತ್ತಿದ್ದವು. ಆ ಮಳೆಗಾಲದಲ್ಲಿ ಚಂದಗಡದ ಕಡೆ ಭತ್ತದ ಚೀಲ ತರಲು ಹೋದಾಗ ಟ್ರಕ್ಕು ಕೆಸರಿನಲ್ಲಿ ಹೂತು, ಎಳೆಯಲು ಟ್ರ್ಯಾಕ್ಟರ್ ಬರುವ ತನಕ ನಾನು ಮಳೆಯಲ್ಲಿ ನೆನೆದುಕೊಂಡು ನಿಂತಿದ್ದೆ. ನಾನದನ್ನು ಮರೆತೇಬಿಟ್ಟಿದ್ದೆ. ಅವರು ಮರೆತಿರಲಿಲ್ಲ.

"ಇನ್ನ ಎಲ್ಲಿ ಹೋದ್ರೂ ಸಿಗಬೀಳೂದಿಲ್ಲ ನೋಡ ನೀ," ಎಂದರು. ಅವರ ಮುಖದ ಹಿಗ್ಗು ನೋಡಿ ನನಗೂ ಹಿಗ್ಗು ಬಂತು. ಗಂಡನಿಗೆ ಎತ್ತಿದ ಆರತಿಯನ್ನೇ ಒಂದೊಂದು ಟೈರಿಗೂ ಎತ್ತಿದೆ.

ನಮ್ಮದು ಒಣಮೆಣಸಿನಕಾಯಿ ವ್ಯಾಪಾರ. ಅಂಗಡಿ ಗಂಡನದು, ಟ್ರಕ್ಕು ನನ್ನದು. ಮೆಣಸಿನಕಾಯಿ ಚೀಲ ಹೇರಿಕೊಂಡು ಕೊಲ್ಹಾಪುರಕ್ಕೆ ಹೋಗುವವಳು ನಾನೇ, ಬರುವಾಗ ಇಚಲಕರಂಜಿ ಪಕ್ಕದ ಕಬನೂರಿನಿಂದ ನಮ್ಮೂರಿನ ಅಂಗಡಿಗಳಿಗೆ ಬಟ್ಟೆಯ ಗಂಟು ತರುವವಳೂ ನಾನೇ. ಇದು ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ, ಮಾವನವರೊಬ್ಬರನ್ನು ಬಿಟ್ಟು. ಅವರು ಪವರ್ ಸ್ಟಿಯರಿಂಗ್ ಇಲ್ಲದ ಕಾಲದ ಲಾರಿಯನ್ನು ಆಂಬೋಲಿ ಘಾಟಿನಲ್ಲಿ ಇಳಿಸಿ ಹತ್ತಿಸಿದವರು. ಹೆಣ್ಣುಮಕ್ಕಳ ರಟ್ಟೆಗೆ ಅಂಥ ಕಸುವು ಎಲ್ಲಿಂದ ಬರಬೇಕು ಎಂಬುದು ಅವರ ಮಾತು. ಮಹಾಗಾಂವದ ಬೀಗರಿಗೆ ಒಬ್ಬ ಡ್ರೈವರನನ್ನು ನೋಡಿಡಲು ಹೇಳಿಯೂ ಇದ್ದರು. ನನ್ನ ಬಾಯಿಂದ 'ಆಗೂದಿಲ್ಲ' ಎಂಬ ಒಂದು ಮಾತು ಬರುವುದನ್ನೇ ಕಾಯುತ್ತಿದ್ದರು.

ಇಂಥ ಹೊತ್ತಿನಲ್ಲಿ ಬಂದವು ಆ ಟೈರು.

ಹೆದ್ದಾರಿಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಎತ್ತರದಲ್ಲಿ ಕೂತು ಕಬ್ಬಿನ ಗಾಡಿಗಳನ್ನು ಹಿಂದೆ ಹಾಕುತ್ತಾ ಹೋಗುವಾಗ, ನಿಜ ಹೇಳುತ್ತೇನೆ, ಸ್ವಲ್ಪ ಸೊಕ್ಕೇ ಬಂದಿತ್ತು. ಸೊಕ್ಕು ಇಳಿದದ್ದು ಕಬನೂರಿನ ಓಣಿಯಲ್ಲಿ. ಎರಡೂ ಕಡೆ ಮಗ್ಗಗಳ ಖಟಖಟ, ನಡುವೆ ಒಂದು ಗಾಡಿಗಷ್ಟೇ ದಾರಿ, ತಿರುವಿನಲ್ಲಿ ಒಂದು ಬೇವಿನ ಮರ. ಮೊದಲು ಒಂದೇ ಕೈಯಲ್ಲಿ ತಿರುಗುತ್ತಿದ್ದ ಸ್ಟಿಯರಿಂಗು ಈಗ ಬೀಸುವ ಕಲ್ಲಾಗಿತ್ತು. ಮೈಭಾರ ಹಾಕಿ ಎಳೆದರೆ ಬಾನೆಟ್ಟಿನೊಳಗೆ ಏನೋ ಕುಂಯ್ ಎಂದು ಅಳುತ್ತಿತ್ತು. ಪೂರ್ತಿ ತಿರುಗಿಸುವ ಮೊದಲೇ ಟೈರು ಒಳಗಿನ ತಗಡಿಗೆ ಉಜ್ಜುತ್ತಿತ್ತು, ತಿರುಗಿದ್ದು ತಾನಾಗಿ ನೇರಕ್ಕೂ ಬರುತ್ತಿರಲಿಲ್ಲ.

ಹೇಳೋಣವೆಂದರೆ ಯಾರಿಗೆ ಹೇಳಲಿ? ಗಂಡನಿಗೆ ಹೇಳಿದರೆ ಅಷ್ಟು ಪ್ರೀತಿಯಿಂದ ಕೊಟ್ಟವರ ಮುಖ ಬಾಡುತ್ತದೆ. ಮಾವನವರ ಕಿವಿಗೆ ಬಿದ್ದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಡ್ರೈವರನನ್ನು ಕರೆಸಿಯೇ ಬಿಡುತ್ತಾರೆ. ಬಾಯಲ್ಲಿ ಬಿಸಿ ತುಪ್ಪ. ನಾನು ತುಟಿ ಹೊಲಿದುಕೊಂಡು ಎಳೆಯುತ್ತಾ ಹೋದೆ. ಬೆಳಗ್ಗೆ ಹೆರಳು ಹಾಕಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ರೊಟ್ಟಿ ಬಡಿದು ಬಡಿದು ರಟ್ಟೆ ಹಿಡಿದಿದೆ ಎಂದು ಗಂಡನಿಗೆ ಸುಳ್ಳು ಹೇಳಿದರೆ, ಅವರು ಪಾಪ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕುತ್ತಿದ್ದರು.

ಟ್ರಕ್ಕು ಅಂಗಳದಲ್ಲಿ ತಿರುಗುವಾಗ ಅಳುವುದನ್ನು ಅತ್ತೆಯವರು ಒಮ್ಮೆ ಕೇಳಿಸಿಕೊಂಡರು. ಹೊಸ ಟೈರಿಗೆ ಊರವರ ದೃಷ್ಟಿ ತಗಲಿದೆ ಎಂದು ಮುಂದುಗಡೆ ಲಿಂಬೆಹಣ್ಣು, ಏಳು ಮೆಣಸಿನಕಾಯಿ ಕಟ್ಟಿದರು. ಹಿಂದೆ ಚೀಲಗಟ್ಟಲೆ ಮೆಣಸಿನಕಾಯಿ ಇದ್ದರೂ ಹೆದರದ ದೃಷ್ಟಿ ಈ ಏಳಕ್ಕೆ ಹೆದರೀತೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಒಂದು ದಿನ ಕೊಲ್ಹಾಪುರದಲ್ಲಿ ಹಳೆಯ ಸ್ನೇಹಿತರೊಬ್ಬರನ್ನು ಕಾಣಬೇಕೆಂದು ಮಾವನವರು ನನ್ನ ಜೊತೆ ಹೊರಟರು. ಹೋಗುವಾಗ ದಾರಿಯುದ್ದಕ್ಕೂ ಗೇರ್ ಬದಲಿಸು, ಹಾರ್ನ್ ಹೊಡಿ, ಹಿಂದೆ ನೋಡು ಎಂದು ಪಾಠ. ಬರುವಾಗ ಕಬನೂರಿನಲ್ಲಿ ಬಟ್ಟೆಯ ಗಂಟು ಹೇರಿಕೊಂಡು ಆ ಬೇವಿನ ಮರದ ತಿರುವಿಗೆ ಬಂದೆವು. ನಾನು ದಿನದಂತೆ ಹಲ್ಲು ಕಚ್ಚಿ ಎಳೆಯತೊಡಗಿದೆ. ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ. ಅವರಿಗೆ ಸಹನೆ ತಪ್ಪಿತು.

"ಇಳಿ ಕೆಳಗ. ನಾ ತಿರಗಸ್ತೀನಿ," ಎಂದರು.

ಇಳಿದೆ. ಧೋತರ ಸರಿಮಾಡಿಕೊಂಡು ಕೂತರು, ಎಳೆದರು. ಮತ್ತೊಮ್ಮೆ ಎಳೆದರು. ಟೋಪಿ ತೆಗೆದು ಪಕ್ಕಕ್ಕಿಟ್ಟು, ಸೀಟಿನಿಂದ ಎದ್ದು ನಿಂತು ಎಳೆದರು. ಕುತ್ತಿಗೆಯ ನರ ಉಬ್ಬಿದವು. ಮಗ್ಗದ ಹೆಂಗಸರು ಬಾಗಿಲಿಗೆ ಬಂದು, "ಕಾಕಾ, ಥಾಂಬಾ ಥಾಂಬಾ," ಎಂದು ಮರಾಠಿಯಲ್ಲಿ ನಿಲ್ಲಿಸಲು ಕೂಗುತ್ತಿರುವಾಗಲೇ ಒಳಗೆ ಫಟ್ ಎಂದಿತು. ಸ್ಟಿಯರಿಂಗಿನ ಆಯಿಲ್ ಪೈಪು ಒಡೆದು ನೆಲಕ್ಕೆಲ್ಲ ಕೆಂಪು ಎಣ್ಣೆ, ಸುಟ್ಟ ವಾಸನೆ. ಟ್ರಕ್ಕು ಓಣಿಗೆ ಅಡ್ಡಲಾಗಿ ಕೂತುಬಿಟ್ಟಿತು.

ಮಾವನವರು ಬೆವರು ಒರೆಸಿಕೊಳ್ಳುತ್ತಾ ಇಳಿದರು. ಮುಂದಿನ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತಗಡಿಗೆ ಉಜ್ಜಿ ಸವೆದ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಸವೆದದ್ದು ಇವತ್ತಿನದಲ್ಲ ಎಂದು ಅವರಿಗೆ ಗೊತ್ತಾಯಿತು.

"ಯಾವಾಗಿಂದ ಹಿಂಗೈತಿ?"

"ಟೈರ್ ಹಾಕಿದಾಗಿಂದ್ರಿ ಮಾವಾರ."

"ಮತ್ತ ಯಾಕ ಬಾಯಿ ಬಿಡಲಿಲ್ಲ ನೀ?"

"ಬಾಯಿ ಬಿಟ್ಟಿದ್ರ ನೀವು ಡ್ರೈವರ್‌ನ ತರ್ತಿದ್ರಿ. ನನಗ ಈ ಟ್ರಕ್ ಬಿಡಾಕ ಮನಸಿಲ್ರಿ."

ಅವರು ಎದ್ದು ಸೀಟಿನ ಮೇಲಿದ್ದ ಟೋಪಿ ತೆಗೆದುಕೊಂಡರು. ಹೇಳಿಬಿಟ್ಟಿದ್ದಕ್ಕೆ ನನಗೆ ಹಗುರವಾಗಿತ್ತು.

ಇಚಲಕರಂಜಿಯಿಂದ ಗಾಡಿ ರಿಪೇರಿಯ ಮಿಸ್ತ್ರಿ ಬಂದು ಪೈಪು ಬದಲಿಸಿ ಎಣ್ಣೆ ತುಂಬಿದ. ಇಷ್ಟು ಅಗಲದ ಟೈರು ತಿರುಗಿಸುವ ಶಕ್ತಿ ಈ ಗಾಡಿಯ ಪವರ್ ಸ್ಟಿಯರಿಂಗಿನ ಪಂಪಿಗಿಲ್ಲ, ಗಾಡಿಯ ಅಳತೆಯದನ್ನೇ ಹಾಕಿ, ಇಲ್ಲದಿದ್ದರೆ ಪಂಪೂ ಹೋಗುತ್ತದೆ ಎಂದ. ಹಳೆಯ ಟೈರು ಮನೆಯ ಗೋದಾಮಿನಲ್ಲಿದ್ದವು. ಹಾಗಾಗಿ ಊರು ಮುಟ್ಟುವವರೆಗೆ ಆ ಉಡುಗೊರೆಯ ಮೇಲೆಯೇ ಬರಬೇಕಾಯಿತು. ಕೀಲಿಕೈಯನ್ನು ಮಾವನವರು ನನ್ನ ಕೈಗೇ ಕೊಟ್ಟರು. ಓಣಿಯ ತಿರುವುಗಳಲ್ಲಿ ಎಡಗಡೆಯಿಂದ ಬಾಗಿ ಅವರೂ ಸ್ಟಿಯರಿಂಗಿಗೆ ಕೈ ಹಾಕಿದರು. ಮಾವ ಸೊಸೆ ಇಬ್ಬರೂ ಏದುಸಿರು ಬಿಡುತ್ತಾ ಒಂದು ಚಕ್ರ ತಿರುಗಿಸುವುದನ್ನು ನೋಡಿ ಎದುರಿನ ರಿಕ್ಷಾದವನು ಗಾಡಿ ನಿಲ್ಲಿಸಿಕೊಂಡು ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತು ಗಂಭೀರವಾಗಿದ್ದು ಅವರೂ ನಕ್ಕುಬಿಟ್ಟರು.

ಮರುದಿನ ಅಂಗಳದಲ್ಲಿ ಹಳೆಯ ಟೈರು ಹಾಕಿಸುವಾಗ ನನ್ನ ಗಂಡ ಮಗುವಿನ ಹಾಗೆ ಮೋರೆ ಸಣ್ಣ ಮಾಡಿಕೊಂಡು ನಿಂತಿದ್ದರು. ನನ್ನ ರಟ್ಟೆ ನೋವಿನ ನಿಜವಾದ ಕಾರಣ ಅವರಿಗೆ ಈಗ ಗೊತ್ತಾಗಿತ್ತು. ಕೆಸರಿನಲ್ಲಿ ನಿಂತ ನನ್ನನ್ನು ನೆನೆಸಿ ಟೈರು ತಂದ ಗಂಡ ಈ ಊರಿನಲ್ಲಿ ಇನ್ನೊಬ್ಬನಿಲ್ಲ ಎಂದೆ. ಅದು ಸಮಾಧಾನದ ಮಾತಾಗಿರಲಿಲ್ಲ, ನಿಜವಾಗಿಯೂ ಹಾಗೆ ಅನಿಸಿತ್ತು.

ಕೊನೆಯ ಟೈರಿನ ನಟ್ಟು ಬಿಗಿಯುತ್ತಿರುವಾಗ ಮಾವನವರ ಫೋನು ಹೊಡೆದುಕೊಂಡಿತು. ಮಹಾಗಾಂವದ ಬೀಗರು. ಅವರದು ದೊಡ್ಡ ದನಿ, ಅಂಗಳಕ್ಕೆಲ್ಲ ಕೇಳುತ್ತಿತ್ತು. ಒಬ್ಬ ಒಳ್ಳೆಯ ಡ್ರೈವರ್ ಸಿಕ್ಕಿದ್ದಾನೆ, ನಾಳೆಯೇ ಕಳಿಸಲೇ ಎಂದು ಕೇಳಿದರು. ನಾನು ಸ್ಪ್ಯಾನರ್ ಹಿಡಿದುಕೊಂಡು ಹಾಗೇ ನಿಂತೆ. ಮಾವನವರು ನನ್ನ ಕಡೆ ನೋಡಲಿಲ್ಲ.

"ಬ್ಯಾಡ್ರಿ," ಎಂದರು. "ನಮ್ಮ ಗಾಡಿಗೆ ಡ್ರೈವರ್ ಅದಾಳ. ನನ್ನ ಕೈಲೆ ತಿರಗಲಾರದ್ದನ್ನ ಇಷ್ಟ ದಿನ ಒಬ್ಬಾಕಿನ ತಿರಗಿಸ್ಯಾಳ."

ಸಂತೋಷಕ್ಕೆ ಕಣ್ಣೀರು ಹಾಕುವವರನ್ನು ಕಂಡರೆ ನನಗಾಗುವುದಿಲ್ಲ. ಟ್ರಕ್ಕಿನ ಆಚೆ ಬದಿಗೆ ಹೋಗಿ, ಎಣ್ಣೆ ಹತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡೆ.