“ನಮ್ಮೋರೇ” ಎಂದ ಒಂದು ಮಾತು

ಸಿರಾದ ಕುರಿ ಸಂತೆಯ ಅಂಚಿನಲ್ಲೇ ಫಕ್ರುದ್ದೀನರ ಅಂಗಡಿ. ಅಂಗಡಿಯೆಂದರೆ ನಾಲ್ಕು ಗಳ, ಮೇಲೊಂದು ತಗಡು. ಕುರಿ ಕಟ್ಟುವ ಹಗ್ಗ, ಟಗರಿನ ಕೊರಳಿಗೆ ಗಂಟೆ, ಬಣ್ಣದ ಕುಚ್ಚು, ಇಷ್ಟೇ ಸರಕು. ಹಗ್ಗವನ್ನು ಅವರೇ ಹೊಸೆಯುತ್ತಿದ್ದರು. ಗೌಡಗೆರೆ ಕಡೆಯ ಕುರಿಗಾಹಿಗಳು ಅವರ ಹಗ್ಗ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಅವರ ಮಗಳು ಸಮ್ರೀನ್ ಆ ಗಂಟೆಗಳ ರಾಶಿಯ ಪಕ್ಕದಲ್ಲೇ ಕುಳಿತು ಮಗ್ಗಿ ಕಲಿತವಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಪಿಎಚ್.ಡಿ.ಗೆ ಸೀಟು ಪಡೆದ ಮೇಲೂ ಸಂತೆಯ ದಿನ ಅಪ್ಪನ ಪಕ್ಕ ಬಂದು ಕೂರುವುದನ್ನು ಅವಳು ಬಿಡಲಿಲ್ಲ.

ಸೀಟು ಸಿಕ್ಕರೆ ಸಾಲದು. ಯಾವ ವಿಷಯದ ಮೇಲೆ ಪ್ರಬಂಧ ಬರೆಯುತ್ತೇನೆಂದು ಅರ್ಜಿ ಹಾಕಬೇಕು, ಪ್ರಾಧ್ಯಾಪಕರ ಸಮಿತಿಯೆದುರು ನಿಂತು ಅದನ್ನು ವಿವರಿಸಬೇಕು. ಅವರು ಒಪ್ಪಿದರೆ ಮಾತ್ರ ಆ ವಿಷಯ ನಮ್ಮದು. ಈ ಸಲ ಡಿಜಿಟಲ್ ಅರ್ಥಶಾಸ್ತ್ರದಲ್ಲೇ ವಿಷಯ ತರಬೇಕೆಂದು ವಿಭಾಗದವರು ಹೇಳಿದ್ದರು. ಜೊತೆಯವರೆಲ್ಲ ಗ್ರಂಥಾಲಯದಲ್ಲಿ ತಡಕಾಡುತ್ತಿದ್ದಾಗ ಸಮ್ರೀನಳಿಗೆ ವಿಷಯ ಸಿಕ್ಕಿದ್ದು ಸಂತೆಯಲ್ಲಿ, ಗೌಹರ್‌ಬೀಯ ಹಿಂಡಿ-ಬೂಸಾ ಅಂಗಡಿಯಲ್ಲಿ.

ಆ ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈ ಹಿಡಿದುಕೊಳ್ಳುತ್ತಾರೆ, ದಲ್ಲಾಳಿ ಮೇಲೊಂದು ಟವೆಲ್ ಹಾಸುತ್ತಾನೆ, ಒಳಗೆ ಬೆರಳು ಬೆರಳಿನೊಡನೆ ಚೌಕಾಸಿ ಮಾಡುತ್ತದೆ. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯದು. ಒಬ್ಬನ ಬೆಲೆ ಬಯಲಾದರೆ ಮುಂದಿನವನ ವ್ಯಾಪಾರ ಕೆಟ್ಟಂತೆಯೇ. ಆಮೇಲೆ ಫೋನಿನಲ್ಲಿ ದುಡ್ಡು ಹಾಕುವ ಕಾಲ ಬಂತು. ಕೊಳ್ಳುವವರು ಗೌಹರ್‌ಬೀಯ ಖಾತೆಗೆ ಹಣ ಹಾಕುವುದು, ಫೋನಿಲ್ಲದ ಕುರಿಗಾಹಿಗಳು ಅವಳಿಂದ ನಗದು ಪಡೆಯುವುದು ರೂಢಿಯಾಯಿತು. ಹಣ ಬಂದೊಡನೆ ಅವಳ ಗಲ್ಲಾಪೆಟ್ಟಿಗೆಯ ಮೇಲಿನ ಪುಟ್ಟ ಡಬ್ಬಿ ಮೊತ್ತವನ್ನು ಇಡೀ ಸಂತೆಗೆ ಕೇಳುವಂತೆ ಕೂಗಿತು.

“ಯಾವನ್ಲಾ ಅವ್ನು ಒಳಗೆ ಕುಂತ್ಕಂಡು ಕಿರುಚ್ತಿರೋನು? ಟವಲ್ಲಿನೊಳಗೆ ಆಡಿದ್ದ ಊರಿಗೆಲ್ಲ ಸಾರ್ಬುಟ್ನಲ್ಲೋ!” ಎಂದು ಗೌಡಗೆರೆಯ ದಲ್ಲಾಳಿ ಯತ್ತಪ್ಪ ಹೌಹಾರಿದರು.

“ಅದಕ್ಕೂ ಒಂದು ಟವಲ್ ಹೊದಿಸ್ಬಿಡಿ, ಯತ್ತಪ್ಪಣ್ಣ,” ಎಂದು ಗೌಹರ್‌ಬೀ ನಕ್ಕಳು.

ಹೊದಿಸಿದ್ದೂ ಆಯಿತು. ಡಬ್ಬಿಯ ಗಂಟಲು ಅಡಗಲಿಲ್ಲ. ಕೊನೆಗೆ ಸಂತೆಯವರೇ ಒಂದು ಉಪಾಯ ಕಂಡುಕೊಂಡರು. ಒಂದು ಟಗರಿನ ಬೆಲೆಯನ್ನು ತುಂಡು ತುಂಡಾಗಿ, ನಡುವೆ ಹಿಂಡಿಯ ದುಡ್ಡನ್ನೂ ಬೆರೆಸಿ ಕಳಿಸತೊಡಗಿದರು. ಈಗ ಡಬ್ಬಿ ಎಷ್ಟು ಕೂಗಿದರೂ ಯಾರಿಗೂ ಏನೂ ತಿಳಿಯದು. ಇದನ್ನೆಲ್ಲ ನೋಡುತ್ತ ಕುಳಿತ ಸಮ್ರೀನಳಿಗೆ ಥಟ್ಟನೆ ಹೊಳೆಯಿತು. ಬ್ಯಾಂಕಿನ ಲೆಕ್ಕ ನೋಡಿದವರಿಗೆ ಇಲ್ಲಿ ಹತ್ತಾರು ವ್ಯಾಪಾರ ನಡೆದಂತೆ ಕಾಣುತ್ತದೆ, ನಡೆದದ್ದು ಒಂದೇ. ಹಾಗಾದರೆ ಹಳ್ಳಿಗಳ ಡಿಜಿಟಲ್ ವ್ಯವಹಾರದ ಬಗ್ಗೆ ಇದುವರೆಗೆ ಬರೆದದ್ದರಲ್ಲಿ ನಿಜವೆಷ್ಟು? ಅವಳು ಆ ದಿನ ಊಟ ಮಾಡುವುದನ್ನೂ ಮರೆತಳು.

ಮಾರ್ಗದರ್ಶಕಿ ಡಾ. ವನಜಾಕ್ಷಿಯವರಿಗೆ ವಿಷಯ ಹಿಡಿಸಿತು. “ಚೆನ್ನಾಗಿದೆ ಸಮ್ರೀನ್. ಅರ್ಜಿ ಬರೆಯೋಕೆ ಕಿರಣ್ ಸಹಾಯ ತಗೋ,” ಎಂದರು.

ಕಿರಣ್ ಕುಮಾರ್ ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯವನು, ಅದೇ ಮೇಡಂ ಬಳಿ ಅವಳಿಗಿಂತ ಒಂದು ವರ್ಷ ಮೊದಲು ಸೇರಿದವನು. ಅವನ ವಿಷಯಗಳನ್ನು ಸಮಿತಿ ಹಿಂದಕ್ಕೆ ಕಳಿಸುತ್ತಲೇ ಇತ್ತು. ಈ ಸಲವೂ ಒಪ್ಪಿಗೆಯಾಗದಿದ್ದರೆ ಅವನ ಸೀಟು ಹೋಗುತ್ತಿತ್ತು. ಆದರೂ ಇನ್ನೊಬ್ಬರ ಕೆಲಸಕ್ಕೆ ಮುಂದಾಗಿ ನಿಲ್ಲುವವನು. “ತಂಗಿ” ಎಂದು ಕರೆದು ಅವಳ ಅರ್ಜಿಯ ಒಂದೊಂದು ವಾಕ್ಯವನ್ನೂ ತಿದ್ದಿಕೊಟ್ಟ. “ನಾನೂ ಒಂದ್ಸಲ ಸಂತೆ ನೋಡಬೇಕಲ್ಲಮ್ಮ. ನೋಡದೆ ಹೆಂಗೆ ತಿದ್ದೋದು?” ಎಂದ.

ಅವಳು ಕರೆದುಕೊಂಡು ಹೋದಳು. ಮನೆಯಲ್ಲಿ ಫಕ್ರುದ್ದೀನರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಬಡಿಸಿದರು. ಸಂತೆಯಲ್ಲಿ ಯತ್ತಪ್ಪ ಮಾತ್ರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೊಸಬನ ಕೈ ಟವೆಲ್ಲಿನೊಳಗೆ ಹೋಗಬೇಕಾದರೆ ಗುರುತಿನವರೊಬ್ಬರು “ನಮ್ಮೋರು” ಎನ್ನಬೇಕು. ಹಾಗೆಂದವರೇ ಅವನ ನಡತೆಗೆ ಹೊಣೆ. ಅದು ಅಲ್ಲಿನ ಕಟ್ಟು.

“ಯಾರವ್ವ ಇವ್ನು?”

“ನಮ್ಮೋರೇ, ಯತ್ತಪ್ಪ ಮಾಮ. ನಮ್ಮಣ್ಣ.”

“ನೀನು ಹೆಸ್ರು, ಬೆಲೆ ಹಾಕ್ದೆ ಬರೀತೀನಿ ಅಂದಿದ್ದೀಯ, ನಿನ್ನ ನಂಬಿವ್ನಿ. ಇವ್ನ ಬಾಯೂ ಅಂಗೇ ಇರ್ತದಾ?”

“ಇರ್ತದೆ ಮಾಮ. ನಾನಿದ್ದೀನಲ್ಲ.”

ಯತ್ತಪ್ಪ ಟವೆಲ್ ಹಾಸಿ ಕಿರಣನ ಕೈ ಹಿಡಿದು, ಆಗಷ್ಟೇ ಮಾರಿದ ಟಗರಿನ ಬೆಲೆಯಿಂದಲೇ ಬೆರಳಿನ ಲೆಕ್ಕ ಕಲಿಸಿದರು. ಅವನು ಕಚಗುಳಿಯಿಟ್ಟಂತೆ ನಕ್ಕ. ಸುತ್ತ ನಿಂತವರೂ ನಕ್ಕರು. ಸಮ್ರೀನಳಿಗೆ ಅಂದು ತನ್ನ ಸಂತೆಯ ಬಗ್ಗೆ ಬಹಳ ಹೆಮ್ಮೆಯೆನಿಸಿತ್ತು.

ಸಮಿತಿಯ ಸಭೆಯ ದಿನ ಬಂತು. ಹಿಂದಿನ ವರ್ಷದವರನ್ನು ಮೊದಲು ಕರೆದರು. ಕಿರಣ್ ಎದ್ದು ಹೋಗಿ ಪರದೆಯ ಪಕ್ಕ ನಿಂತ. ಅವನಿಗೆ ಈ ಸಲವಾದರೂ ಒಪ್ಪಿಗೆ ಸಿಗಲೆಂದು ಸಮ್ರೀನ್ ಮನಸ್ಸಿನಲ್ಲೇ ದುವಾ ಮಾಡುತ್ತಿದ್ದಳು. ಪರದೆಯ ಮೇಲೆ ಸಿರಾ ಕುರಿ ಸಂತೆಯ ಚಿತ್ರ ಮೂಡಿತು.

ಮೊದಲಿಗೆ ಅವಳಿಗೆ ಏನೋ ತಪ್ಪಾಗಿದೆ, ತನ್ನ ಚಿತ್ರವನ್ನು ಅವನ ಸರದಿಯಲ್ಲಿ ಹಾಕಿಬಿಟ್ಟಿದ್ದಾರೆ ಎನಿಸಿತು. ಅವನು ಮಾತು ಆರಂಭಿಸಿದ. ಟವೆಲ್ಲು, ಡಬ್ಬಿ, ತುಂಡು ಮಾಡಿದ ಬೆಲೆ, ಎಲ್ಲವೂ ಅವಳು ಹೇಳಿದ ಕ್ರಮದಲ್ಲೇ ಬಂದವು. ಗೌಹರ್‌ಬೀಯ ನಗೆಮಾತನ್ನೂ ಬಿಡಲಿಲ್ಲ. ಸಮಿತಿಯವರು ನಕ್ಕರು. ಆ ನಗುವಿನಿಂದ ಹುರುಪುಗೊಂಡು ಅವನು, “ಗೌಡಗೆರೆಯ ಯತ್ತಪ್ಪ ಅನ್ನೋ ದಲ್ಲಾಳಿ ನನ್ನ ಕೈ ಹಿಡಿದು ತೋರಿಸಿದ ಬೆಲೆ ಇದು,” ಎಂದು ಅಂದಿನ ಟಗರಿನ ಬೆಲೆಯನ್ನೂ ಗಟ್ಟಿಯಾಗಿ ಹೇಳಿಬಿಟ್ಟ.

ಸಮ್ರೀನ್ ಎದ್ದು ನಿಂತಳು. “ಸರ್, ಇದು ನನ್ನ ವಿಷಯ. ಮೇಡಂಗೆ ಗೊತ್ತು.”

ಎಲ್ಲರೂ ವನಜಾಕ್ಷಿಯವರತ್ತ ತಿರುಗಿದರು. ಅವರು ಮುಂದಿದ್ದ ನೀರಿನ ಲೋಟವನ್ನು ತುಸು ಪಕ್ಕಕ್ಕೆ ಸರಿಸಿದರು. “ಇಬ್ಬರೂ ನನ್ನ ಹತ್ತಿರ ಚರ್ಚೆ ಮಾಡಿದ್ದಾರೆ ಸರ್. ಯಾರದು ಮೊದಲು ಅಂತ ನಾನು ಹೇಳೋದು ಕಷ್ಟ.”

ಒಂದೇ ವಿಷಯವನ್ನು ಇಬ್ಬರಿಗೆ ಕೊಡುವಂತಿರಲಿಲ್ಲ. ಕಿರಣನಿಗೆ ಒಪ್ಪಿಗೆಯಾಯಿತು. ಸಮ್ರೀನಳಿಗೆ ಮುಂದಿನ ಸಭೆಗೆ ಹೊಸ ವಿಷಯ ತರುವಂತೆ ಹೇಳಿದರು.

ಹೊರಗಿನ ಪಡಸಾಲೆಯಲ್ಲಿ ಅವನು ತಲೆ ತಗ್ಗಿಸಿಕೊಂಡೇ ಬಂದ. “ಬೈಯಮ್ಮ, ಬೈದ್ಬಿಡು. ನನ್ನ ಸೀಟು ಹೋಗ್ತಿತ್ತು. ಮೇಡಂ ಕೂಡ, ಅವಳು ಚುರುಕಿದ್ದಾಳೆ, ಇನ್ನೊಂದು ಹುಡುಕ್ಕೋತಾಳೆ ಅಂದ್ರು. ಪ್ರಬಂಧದಲ್ಲಿ ಕೃತಜ್ಞತೆ ಹೇಳೋ ಕಡೆ ನಿನ್ನ ಹೆಸರೇ ಮೊದಲು ಹಾಕ್ತೀನಿ ತಂಗಿ.”

ಹಾಗಾದರೆ ಮೇಡಂ, ಇವನು ಇಬ್ಬರೂ ಮೊದಲೇ ಕೂತು ಮಾತಾಡಿಕೊಂಡಿದ್ದಾರೆ! ಬಸ್ಸಿನಲ್ಲಿ ಸಿರಾ ಬರುವವರೆಗೂ ಅವಳ ಕಿವಿಯಲ್ಲಿ ಇದ್ದದ್ದು “ತಂಗಿ” ಎಂಬ ಆ ಕೊನೆಯ ಮಾತು.

ಮುಂದಿನ ಸಂತೆಗೆ ಕಿರಣ್ ಬಂದ, ಹೆಗಲಿಗೊಂದು ಚೀಲ, ಕೈಯಲ್ಲಿ ಪ್ರಶ್ನೆಗಳ ಹಾಳೆ. ನೇರವಾಗಿ ಯತ್ತಪ್ಪನವರ ಬಳಿ ಹೋಗಿ, “ನಮಸ್ಕಾರ ಯತ್ತಪ್ಪನೋರೇ, ಇನ್ಮೇಲೆ ಪ್ರತಿ ವಾರ ಬರ್ತೀನಿ,” ಎಂದ. ಅಂಗಡಿಯಲ್ಲಿದ್ದ ಸಮ್ರೀನ್ ಅದನ್ನು ಕಂಡಳು. ಸುಮ್ಮನಿದ್ದರೆ ಅವನು ತನ್ನ ಮಾತಿನ ಬಲದ ಮೇಲೆಯೇ ಅಲ್ಲಿ ವರ್ಷಗಟ್ಟಲೆ ಕೂರುತ್ತಾನೆ. ಬಾಯಿ ಬಿಟ್ಟರೆ, ಹೊಣೆ ನಿಂತವಳು ತಾನೇ. ಅವಳು ಅಪ್ಪನ ಮುಖವನ್ನೊಮ್ಮೆ ನೋಡಿ ಎದ್ದು ಹೋದಳು.

“ಬಾರವ್ವ,” ಎಂದರು ಯತ್ತಪ್ಪ. “ನಿಮ್ಮಣ್ಣ ಬಂದವ್ನೆ.”

“ಅವರು ನಮ್ಮೋರಲ್ಲ ಮಾಮ. ನಾನು ತಪ್ಪಾಗಿ ಹೇಳಿದ್ದೆ. ನನ್ನ ವಿಷಯಾನ ತನ್ನದು ಅಂತ ಹೇಳ್ಕೊಂಡ್ರು. ನಿಮ್ಮ ಹೆಸರು, ಟಗರಿನ ಬೆಲೆ, ಎಲ್ಲಾನೂ ಸಭೇಲಿ ಹೇಳಿದ್ರು.”

ಟವೆಲ್ಲಿನೊಳಗಿದ್ದ ಕೈಗಳೆಲ್ಲ ಒಂದು ಕ್ಷಣ ತಡೆದವು. ಕಿರಣ್ ಏನೋ ಹೇಳಹೋದ. ಯತ್ತಪ್ಪ ಅವನತ್ತ ನೋಡಲೂ ಇಲ್ಲ. “ಒಂದು ಲೋಟ ಟೀ ಕುಡ್ದು ಬಸ್ ಹತ್ತಪ್ಪ. ಇಲ್ಲಿ ನಿನ್ಗೆ ಯಾರೂ ಕೈ ಕೊಡಾಕಿಲ್ಲ.”

ಅವನು ಟೀ ಕುಡಿಯದೆಯೇ ಹೊರಟ. ಯತ್ತಪ್ಪ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು.

“ನೀನೂವೇ ಇನ್ಮೇಲೆ ಸಂತೆ ಒಳೀಕ್ ಬರ್ಬ್ಯಾಡ ಕಣವ್ವ.”

“ನಾನೇನ್ ಮಾಡ್ದೆ ಮಾಮ? ಮೋಸ ಹೋಗಿದ್ದು ನಾನು!”

“ಹೌದು ಕಣವ್ವ. ಅವ್ನು ಮೋಸ ಮಾಡಿದ್ದು ನಿನ್ಗೆ. ನಮ್ಗೆ ಮಾತು ಕೊಟ್ಟೋಳು ನೀನು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ.

ಅವಳು ಕುರಿಗಳ ನಡುವೆ ದಾರಿ ಮಾಡಿಕೊಂಡು ಅಂಗಡಿಗೆ ಬಂದಳು. ಫಕ್ರುದ್ದೀನರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಅವರು ಹೇಳಿದ್ದು ಸರಿಯಾ, ಅಬ್ಬಾ?”

“ಸಂತೆ ಕಟ್ಟು ಅದು ಬೇಟಾ. ಅವನು ಸರಿಯಾಗೇ ಹೇಳ್ದ.”

ಆಗ ಅವಳು ಅತ್ತಳು. ಸಭೆಯಲ್ಲಿ ಅಳದವಳು, ಬಸ್ಸಿನಲ್ಲಿ ಅಳದವಳು, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಫಕ್ರುದ್ದೀನರು ಎದ್ದರು. ತೂಗುಹಾಕಿದ್ದ ಹಗ್ಗಗಳನ್ನು ಒಂದೊಂದಾಗಿ ಇಳಿಸಿ ಸುತ್ತಿದರು, ಗಂಟೆಗಳನ್ನು ಗೋಣಿಗೆ ತುಂಬಿದರು. ಸಂತೆ ಇನ್ನೂ ಅರ್ಧವೂ ಮುಗಿದಿರಲಿಲ್ಲ.

ಯತ್ತಪ್ಪ ಅದನ್ನು ಕಂಡು ಓಡೋಡಿ ಬಂದರು. “ಇದ್ಯಾಕೆ ಫಕ್ರುದ್ದೀನಣ್ಣ? ನಾನು ನಿನ್ಗಂದಿದ್ದಲ್ಲ. ನಿನ್ಗೂ ಅದಕ್ಕೂ ಏನು ಸಂಬಂಧ?”

“ಅವಳಾಡಿದ ಮಾತು ನನ್ನ ಮನೇದು ಯತ್ತಪ್ಪ. ಅವಳಿಗೆ ಜಾಗ ಇಲ್ದಿದ್ರೆ ನನಗೂ ಇಲ್ಲ.” ಅವರು ಗೋಣಿಯ ಬಾಯಿ ಬಿಗಿದರು. “ನಿಮ್ಮೋರಿಗೆ ಹಗ್ಗ ಬೇಕಾದ್ರೆ ಮನೆ ಹತ್ರ ಕಳಿಸು. ಬೆಲೆ ಹಳೇದೇ.”

ಕಟ್ಟು ಹೇಳಿದವರು ಯತ್ತಪ್ಪನವರೇ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೂ ಬರುವಂತಿರಲಿಲ್ಲ. ಗೋಣಿಯನ್ನು ಫಕ್ರುದ್ದೀನರ ಹೆಗಲಿಗೆ ಎತ್ತಿಕೊಟ್ಟರು, ಅಷ್ಟೇ.

ಅಪ್ಪ ಮಗಳು ರಸ್ತೆಗೆ ಬಂದರು. ಹೆಜ್ಜೆಗೊಮ್ಮೆ ಗೋಣಿಯೊಳಗೆ ಗಂಟೆಗಳು ಒಟ್ಟಿಗೇ ಝಲ್ಲೆನ್ನುತ್ತಿದ್ದವು. ಎದುರಿನಿಂದ ಸಂತೆಗೆ ಬರುತ್ತಿದ್ದವರು ಇಷ್ಟು ಬೇಗ ಯಾಕೆ ಹೊರಟಿರೆಂದು ಕೇಳುತ್ತಿದ್ದರು. ಫಕ್ರುದ್ದೀನರು ಎಲ್ಲರಿಗೂ ಕೈಯೆತ್ತಿ ಸಲಾಂ ಮಾಡಿ ನಡೆದರು.

“ಮುಂದಿನ ಸಭೆ ಯಾವಾಗ ಬೇಟಾ?”

“ಇನ್ನೂ ಹೇಳಿಲ್ಲ ಅಬ್ಬಾ.”

“ವಿಷಯ?”

“ಇಲ್ಲ.”

ಅವಳು ಗೋಣಿಯ ಒಂದು ತುದಿಯನ್ನು ಕೈಯಲ್ಲಿ ಹಿಡಿದಳು. ಅವರು ಬೇಡವೆನ್ನಲಿಲ್ಲ.