ಎಮ್ಮಿಗೆ ನೀರು

ನಮ್ಮಪ್ಪ ಡ್ಯೂಟಿ ಮುಗಿಸಿ ಮನೆಗೆ ಬಂದರೆ ಮೊದಲು ನೋಡುತ್ತಿದ್ದದ್ದು ಹೆಂಡತಿಯ ಮುಖವನ್ನೂ ಅಲ್ಲ, ಮಕ್ಕಳ ಮುಖವನ್ನೂ ಅಲ್ಲ, ಬಚ್ಚಲಿನ ಹಂಡೆಯನ್ನು. ಹಂಡೆಯ ನೀರು ಅರ್ಧಕ್ಕಿಂತ ಕೆಳಗಿಳಿದಿದ್ದರೆ ನಮ್ಮ ಗತಿ ಮುಗಿದಂತೆ. "ನೀರ್ ಯಾಕ ಕಮ್ಮಿ ಅದ?" ಎಂದು ಒಂದೇ ಮಾತು ಕೇಳುತ್ತಿದ್ದ. ನಾನೂ ತಮ್ಮನೂ ಕೊಡ ಹಿಡಿದು ಬೋರಿಂಗಿಗೆ ಓಡಬೇಕು. ಚೌಡಾಪುರದ ಬೇಸಿಗೆಯಲ್ಲಿ ಬೋರಿಂಗು ಹೊಡೆದವರಿಗೇ ಗೊತ್ತು, ಒಂದು ಕೊಡ ತುಂಬುವಷ್ಟರಲ್ಲಿ ರಟ್ಟೆ ಸೋತು ಹೋಗುತ್ತದೆ. ಮದುವೆಯಾಗಿ ಜೇವರ್ಗಿಗೆ ಹೋದಾಗ ನನಗೆ ಆದ ಮೊದಲ ಸಂತೋಷವೆಂದರೆ, ಆ ಮನೆಯಲ್ಲಿ ಯಾರೂ ಹಂಡೆಯೊಳಗೆ ಇಣುಕುವುದಿಲ್ಲ ಎಂಬುದು.

ಅಪ್ಪನನ್ನು ಬೈದೂ ಪ್ರಯೋಜನವಿರಲಿಲ್ಲ. ಅವನು ಗೂಡ್ಸ್ ಗಾಡಿಯ ಡ್ರೈವರ್, ಅದೂ ಉಗಿ ಇಂಜಿನ್ನಿನ ಕಾಲದವನು. ಆ ಇಂಜಿನ್ನಿನ ಹೊಟ್ಟೆಯಲ್ಲಿ ಬೆಂಕಿ, ಬೆಂಕಿಯ ಮೇಲೆ ಕಬ್ಬಿಣದ ಹಾಳೆ, ಹಾಳೆಯ ಮೇಲೆ ನೀರು. ನೀರು ಕಡಿಮೆಯಾಗಿ ಹಾಳೆ ಬರಿದಾಯಿತೋ, ಅದರೊಳಗಿನ ಸೀಸದ ಬೆಣೆ ಕರಗಿ ಉಗಿಯೆಲ್ಲ ಬೆಂಕಿಯ ಮೇಲೆ ಬೀಳುತ್ತದೆ, ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಗ್ರಹಚಾರ ಕೆಟ್ಟಿದ್ದರೆ ಮೇಲಿದ್ದವರೂ ಉಳಿಯುವುದಿಲ್ಲ. ಅದಕ್ಕೇ ಡ್ರೈವರಿನ ಕಣ್ಣೆದುರಿಗೆ ಬೆರಳು ದಪ್ಪದ ಒಂದು ಗಾಜಿನ ನಳಿಗೆ ಇರುತ್ತದೆ. ಒಳಗೆ ನೀರು ಎಷ್ಟಿದೆ ಎಂದು ಅದರಲ್ಲಿ ಕಾಣುತ್ತದೆ. ಅಪ್ಪ ಅದನ್ನು ಗ್ಲಾಸು ಎನ್ನುತ್ತಿದ್ದ. ಗ್ಲಾಸಿನಲ್ಲಿ ನೀರು ಅರ್ಧಕ್ಕೆ ಕಾಣದ ಹೊರತು ಡ್ರೈವರ್ ಆದವನು ಇಂಜಿನ್ ಬಿಟ್ಟು ಕೆಳಗಿಳಿಯಬಾರದು, ಇದು ಅವನ ಧರ್ಮ. ಬಸವಣ್ಣನ ಫೋಟೋಕ್ಕೆ ಕೈಮುಗಿಯುವುದನ್ನು ಒಂದೊಂದು ದಿನ ಮರೆತಾನು, ಇದನ್ನು ಮರೆತವನಲ್ಲ.

ಅವನ ಇಂಜಿನ್ನಿಗೆ ಅವನೇ ಇಟ್ಟ ಹೆಸರು ಎಮ್ಮಿ. ಕರಿ ಮೈ, ಭಾರೀ ಹೊಟ್ಟೆ, ಅವಸರವೆಂಬುದೇ ಇಲ್ಲ. ಹಿಂದೆ ಕಲ್ಲಿದ್ದಲು, ಸಿಮೆಂಟು, ಪರಸಿ ಕಲ್ಲು ತುಂಬಿದ ಡಬ್ಬಿಗಳ ಸಾಲು. ಆ ಗಾಡಿ ದಾಟಿ ಮುಗಿಯುವಷ್ಟರಲ್ಲಿ ಗೇಟಿನಲ್ಲಿ ನಿಂತ ಬಂಡಿಯವರು ಎಲೆ ಅಡಿಕೆ ಹಾಕಿ, ಅಗಿದು, ಉಗುಳಿ ಮುಗಿಸುತ್ತಿದ್ದರು. ಬೆಂಕಿಗೆ ಕಲ್ಲಿದ್ದಲು ಎರಚುವ ಕೆಲಸ ಅಫಜಲಪುರದ ಚಾಚಾನದು. ಅಪ್ಪನ ಜೊತೆ ಅದೇ ಇಂಜಿನ್ನಿನ ಮೇಲೆ ವರ್ಷಗಟ್ಟಲೆ ದುಡಿದ ಫೈರ್‌ಮನ್. ಅಪ್ಪನನ್ನು ಅವನು ಉಸ್ತಾದ್ ಎನ್ನುತ್ತಿದ್ದ, ಅಪ್ಪ ಅವನನ್ನು ಭಾಯಿ ಎನ್ನುತ್ತಿದ್ದ. "ಉಸ್ತಾದ್, ನಿಮ್ಮ ಎಮ್ಮಿ ಬರೇ ತಿಂತದ, ಕುಡೀತದ. ಒಂದ್ ತಟಕ ಹಾಲರೆ ಕೊಟ್ಟದೇನ್ರಿ?" ಎಂದು ಚಾಚಾ ನಗಿಸುತ್ತಿದ್ದ. ಅವನು ಸಲಿಕೆಯ ಮೇಲೆ ಸುಟ್ಟ ಬದನೆಕಾಯಿಯನ್ನು ಅಪ್ಪ ಟಿಫಿನ್ ಡಬ್ಬಿಯಲ್ಲಿ ನಮಗಾಗಿ ತರುತ್ತಿದ್ದ. ಆ ರುಚಿಯ ಬದನೆಕಾಯಿ ಮತ್ತೆ ನನಗೆಲ್ಲೂ ಸಿಕ್ಕಿಲ್ಲ.

ಎಮ್ಮಿ ಕೊಡಲಿಲ್ಲ ಎನ್ನುವುದೂ ಸುಳ್ಳೇ. ನಮ್ಮ ಊಟ, ನಮ್ಮ ಶಾಲೆ, ನನ್ನ ಮದುವೆ ಎಲ್ಲ ಅದರದೇ. ಬದಲಿಗೆ ಅಪ್ಪನ ಕಿವಿ ತಗೊಂಡಿತು. ಮೊದಲು ಒಂದು, ಆಮೇಲೆ ಇನ್ನೊಂದು. ಈಗ ಅವನಿಗೆ ಏನು ಹೇಳಬೇಕಾದರೂ ಕಿವಿಯ ಹತ್ತಿರ ಹೋಗಿ ಕೂಗಬೇಕು.

ಅವ್ವನಿಗೆ ಅದು ಸವತಿ. "ಹೆತ್ತಾಕಿಗೆ ಹೆಗ್ಗಣ ಮುದ್ದು, ನಿಮ್ಮಪ್ಪಗ ಎಮ್ಮಿ ಮುದ್ದು," ಎಂದು ನಮ್ಮೆದುರಿಗೇ ಹಂಗಿಸುತ್ತಿದ್ದಳು. ಅವಳ ತವರು ಮಾದನಹಿಪ್ಪರಗಾ. ಅಲ್ಲಿ ಅಣ್ಣತಮ್ಮಂದಿರ ಹೊಲ ಇದೆ. ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ಆ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಕೂರುವುದಿಲ್ಲ. ಭಜ್ಜಿ, ಸಜ್ಜಿ ಕಡುಬು, ಶೇಂಗಾ ಹೋಳಿಗೆ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಒಂದಿಷ್ಟು ಚರಗ ಚೆಲ್ಲಿ, ಆಮೇಲೆ ಉಣ್ಣುವುದು. ಆ ದಿನ ತವರಿಗೆ ಹೋಗಬೇಕೆಂದು ಅವ್ವನಿಗೆ ಪ್ರತಿ ವರ್ಷ ಆಸೆ. ಗೂಡ್ಸ್ ಗಾಡಿಗೆ ಹಬ್ಬ ಗೊತ್ತಿಲ್ಲವಲ್ಲ, ಅಪ್ಪನಿಗೆ ರಜೆ ಸಿಗುತ್ತಿರಲಿಲ್ಲ. ರಿಟೈರ್ ಆದ ಮೇಲಾದರೂ ಹೋಗೋಣ ಎಂದುಕೊಂಡಿದ್ದಳು, ಪಾಪ.

ಅಷ್ಟರಲ್ಲಿ ಉಗಿ ಇಂಜಿನ್ನುಗಳ ಕಾಲ ಮುಗಿದಿತ್ತು. ಉಳಿದವೆಲ್ಲ ಗುಜರಿಗೆ ಹೋದವು. ಎಮ್ಮಿಯನ್ನು ಮಾತ್ರ, ನೋಡುವವರಿಗೆ ಇರಲಿ ಎಂದು, ನಮ್ಮೂರಿಗೆ ಹತ್ತಿರದ ಒಂದು ಸ್ಟೇಷನ್ನಿನ ಹಿಂದೆ ತುಂಡು ಹಳಿಯ ಮೇಲೆ ನಿಲ್ಲಿಸಿ, ಕರಿ ಬಣ್ಣ ಹೊಡೆದು, ಸುತ್ತ ಬೇಲಿ ಹಾಕಿದರು. ಅಪ್ಪ ಕೊನೆಯ ವರ್ಷಗಳನ್ನು ಡೀಸೆಲ್ ಇಂಜಿನ್ನಿನ ಮೇಲೆ ಮುಖ ಗಂಟು ಹಾಕಿಕೊಂಡೇ ಕಳೆದ. ರಿಟೈರ್ ಆದ ವರ್ಷದ ಎಳ್ಳಮಾಸಿಗೆ ಅವ್ವ ತವರಿಗೆ ಹೊರಡುವ ಮಾತು ತೆಗೆದಾಗ, "ನನ್ನ ಹೊಲ ಹಳಿ ಮ್ಯಾಲ ನಿಂತದ. ಚರಗ ಅಲ್ಲೇ," ಎಂದುಬಿಟ್ಟ.

ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿ ಎಲ್ಲರೂ ಸ್ಟೇಷನ್ನಿಗೆ ಹೋದೆವು. ಅಫಜಲಪುರದಿಂದ ಚಾಚಾನೂ ಬಂದ. ಅಪ್ಪ ಇಂಜಿನ್ನಿನ ಸುತ್ತ ಚರಗ ಚೆಲ್ಲಿ ಮೇಲೆ ಹತ್ತಿದ. ಗ್ಲಾಸಿನ ಜಾಗ ಖಾಲಿ. ಚಾಚಾ ನಗುತ್ತ ಚೀಲದಿಂದ ಬಟ್ಟೆಯ ಗಂಟು ತೆಗೆದ. ಕಳ್ಳರು ಹಿತ್ತಾಳೆ ಸಾಮಾನಿನ ಮೇಲೆ ಕಣ್ಣಿಟ್ಟಿದ್ದಾರೆಂದು ಗ್ಲಾಸನ್ನು ಮೊದಲೇ ಬಿಚ್ಚಿ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. ಕೂಡಿಸಿದ. ಒಳಗೆ ಹನಿ ನೀರಿಲ್ಲ.

ಅಪ್ಪ ಅಂದು ಉಣ್ಣಲು ಕೂರಲೇ ಇಲ್ಲ. ಬಾಯಾರಿದ ದನದೆದುರು ಹೇಗೆ ಉಣ್ಣುವುದು ಎಂದ. ಕೊನೆಗೆ ನನ್ನ ತಮ್ಮ ನೀರಿನ ಟ್ಯಾಂಕರ್ ಕರೆಸಿದ. ಇಂಜಿನ್ನಿನ ಹೆಗಲ ಮೇಲೆ, ಒಳಗಡೆ ತೊಳೆಯಲೆಂದು ಇಟ್ಟ ಮುಷ್ಟಿ ಗಾತ್ರದ ಒಂದು ಬಿರಡೆ ಇದೆ. ಚಾಚಾ ಅದನ್ನು ತಿರುವಿ ತೆಗೆದು ಪೈಪು ಇಳಿಬಿಟ್ಟ. ಗ್ಲಾಸಿನಲ್ಲಿ ನೀರು ಅರ್ಧಕ್ಕೆ ಏರಿದ ಮೇಲೆಯೇ ಅಪ್ಪ ಕೆಳಗಿಳಿದು ಕಡುಬು ಮುರಿದದ್ದು. ಅವ್ವ ತವರನ್ನು ನೆನೆದು ಎರಡು ಹನಿ ಕಣ್ಣೀರು ಹಾಕಿದಳು. ಆದರೆ ಅಪ್ಪ ಅಷ್ಟು ಖುಷಿಯಾಗಿ ಉಂಡದ್ದನ್ನು ನಾವು ನೋಡಿಯೇ ಇರಲಿಲ್ಲ.

ಅಂದಿನಿಂದ ಪ್ರತಿ ಎಳ್ಳಮಾಸಿಗೆ ಅದೇ ನಮ್ಮ ಹೊಲ. ವರ್ಷ ಕಳೆಯುವಷ್ಟರಲ್ಲಿ ನೀರು ಸ್ವಲ್ಪ ಇಳಿದಿರುತ್ತಿತ್ತು, ಕೊಡದಿಂದ ಹೊಯ್ದು ಅರ್ಧಕ್ಕೆ ತರುವುದು. ಊಟವಾದ ಮೇಲೆ ಚಾಚಾ ಗ್ಲಾಸನ್ನು ಬಿಚ್ಚಿ ಮತ್ತೆ ತನ್ನ ಮನೆಗೆ ಒಯ್ಯುತ್ತಿದ್ದ. ಸ್ಟೇಷನ್ನಿನವರು ನಕ್ಕು ಸುಮ್ಮನಾಗುತ್ತಿದ್ದರು. ಸುತ್ತಲಿನ ಹೆಣ್ಣುಮಕ್ಕಳೂ ಅರಿಶಿನ ಕುಂಕುಮ ಹಚ್ಚಿ, ತಮ್ಮದೂ ಒಂದು ಇರಲಿ ಎಂದು ಕೊಡ ತರತೊಡಗಿದರು. ಮೊದಲ ವರ್ಷಗಳಲ್ಲಿ ನಾಲ್ಕಾರು ಕೊಡ ಸಾಕಾಗುತ್ತಿತ್ತು. ಬರಬರುತ್ತ ಅದರ ಎರಡರಷ್ಟು, ಮೂರರಷ್ಟು ಬೇಕಾಯಿತು. ಅಪ್ಪನಿಗೆ ಅದೇ ಹೆಮ್ಮೆ.

"ವರ್ಷಾ ವರ್ಷಾ ಜಾಸ್ತಿ ಕುಡಿಯಾಕತ್ತದ ನೋಡವಾ. ಜೀವ ಅದ ಅದಕ್ಕ."

ಇಂಜಿನ್ನಿನ ಹೊಟ್ಟೆಯ ಕೆಳಗೆ ಬೇಸಿಗೆಯಲ್ಲೂ ಹಸಿರು ಹುಲ್ಲು ಬೆಳೆಯುತ್ತಿತ್ತು. ಆಡುಗಳು ಬೇಲಿ ನುಸುಳಿ ಬಂದು ಮೇಯುತ್ತಿದ್ದವು. ನಾವು ಅದರ ನೆರಳಲ್ಲೇ ಬುತ್ತಿ ಬಿಚ್ಚುತ್ತಿದ್ದೆವು. ಇಷ್ಟು ಹಸಿರು ಎಲ್ಲಿಂದ ಬಂತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಈ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸುದ್ದಿ ಬಂತು. ಹಳೆಯ ಇಂಜಿನ್ನುಗಳನ್ನು ಮತ್ತೆ ಓಡಿಸುವ ಕೆಲಸದವರು ಊರೂರಿಗೆ ಹೋಗಿ ನೋಡುತ್ತಿದ್ದಾರೆ, ಹೊಟ್ಟೆ ಗಟ್ಟಿಯಿರುವ ಒಂದನ್ನು ಆರಿಸಿ ಬೆಂಕಿ ಹಾಕುತ್ತಾರೆ, ಅದನ್ನು ಓಡಿಸಿದ ಹಳಬರು ಬದುಕಿದ್ದರೆ ಮೊದಲ ಸೀಟಿ ಅವರ ಕೈಯಿಂದಲೇ ಹೊಡೆಸುತ್ತಾರೆ ಎಂದು. ತಮ್ಮ ಇದನ್ನು ಅಪ್ಪನ ಕಿವಿಯಲ್ಲಿ ಕೂಗಿ ಹೇಳಿದನಂತೆ. ಅಪ್ಪನಿಗೆ ಎಂಬತ್ತು ದಾಟಿದೆ, ಎದೆ ಸರಿಯಿಲ್ಲ, ನಾಲ್ಕು ಹೆಜ್ಜೆಗೆ ಏದುಸಿರು. ಅಂಥವನು ಅಂದೇ ನನಗೆ ಫೋನ್ ಮಾಡಿಸಿದ.

"ಜಲ್ದಿ ಬಾ ಬೇ. ಎಮ್ಮಿ ಎದ್ದ ನಿಂದರ್ತದ. ಸೀಟಿ ಕೇಳೇ ಸಾಯ್ತೇನಿ ನಾ."

ಸೀಟಿ ಹೇಗೆ ಕೇಳುತ್ತದೋ ಆ ಕಿವಿಗೆ ಎಂದು ನಾನು ಚೇಷ್ಟೆ ಮಾಡಲಿಲ್ಲ. ಅದೊಂದು ಅವನಿಗೆ ಕೇಳಿಸಿಯೇ ತೀರುತ್ತದೆ ಎಂದು ನನಗೂ ಅನ್ನಿಸಿತ್ತು.

ನೋಡಲು ಬಂದವರಲ್ಲಿ ದೊಡ್ಡವರು ಒಬ್ಬರು, ಮೃದು ಮಾತಿನ ಮನುಷ್ಯ. ಅಪ್ಪ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು, ಚಾಚಾನ ತೋಳು ಹಿಡಿದು ಮೇಲೆ ಹತ್ತಿ ತನ್ನ ಸೀಟಿನಲ್ಲಿ ಕುಳಿತಿದ್ದ. ಆ ಸಾಹೇಬರು ಸಂತೆಯಲ್ಲಿ ಗಡಿಗೆ ಬಡಿದು ನೋಡುವ ಹಾಗೆ ಸಣ್ಣ ಸುತ್ತಿಗೆಯಿಂದ ಇಂಜಿನ್ನಿನ ಮೈ ಬಡಿಯುತ್ತ ಬಂದರು. ಮುಂದೆಲ್ಲ ಠಣ್ ಠಣ್ ಎಂದಿತು, ಅವರ ಮುಖವೂ ಅರಳಿತು. ಬೆಂಕಿಗೂಡಿನ ಹತ್ತಿರ ಬಂದು ಬಗ್ಗಿ ಕೆಳಗೆ ಬಡಿದರು. ಥಪ್ ಎಂದಿತು. ಇನ್ನೊಂದು ಸಲ ಬಡಿದಾಗ ಸುತ್ತಿಗೆಯ ಮೂತಿ ಒಳಗೇ ಹೋಯಿತು. ಹೊರಗೆ ಎಳೆದರೆ ಕೆಂಪು ನೀರು ಚಿಮ್ಮಿ ಅವರ ಬೂಟು, ಪ್ಯಾಂಟು ಎಲ್ಲ ತೊಯ್ದಿತು. ಆ ನೀರು ಬಹಳ ಹೊತ್ತು ಹರಿಯಿತು.

ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಅಮ್ಮಾ, ಇದರೊಳಗೆ ನೀರು ಹಾಕಿದವರು ಯಾರು?"

ಹೇಳಿದೆ. ಅವರು ಮೇಲೆ ಕುಳಿತ ಅಪ್ಪನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು. "ಬೆಂಕಿ ಇದ್ದಾಗ ನೀರೇ ಇದರ ಪ್ರಾಣ. ಆರಿಸಿ ನಿಲ್ಲಿಸಿದ ಮೇಲೆ ಒಳಗೆ ಒಣಗಿರಬೇಕು. ವರ್ಷ ವರ್ಷ ಹೊಸ ನೀರು ಹೊಯ್ದು ಕಬ್ಬಿಣ ಒಳಗಿಂದಲೇ ತುಕ್ಕು ಹಿಡಿದು ಸವೆದುಹೋಗಿದೆ. ಹಾಗೇ ಬಿಟ್ಟಿದ್ದರೆ ಇದೇ ಎಲ್ಲಕ್ಕಿಂತ ಗಟ್ಟಿ ಇರುತ್ತಿತ್ತೇನೋ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನೋಣವೆಂದರೆ, ಮಾಡಿದ್ದಾದರೂ ಏನು? ಬೇರೆಯವರಾಗಿದ್ದರೆ ಹಿತ್ತಾಳೆ ಕದ್ದಿರುತ್ತಿದ್ದರು. ಇವನು ನೀರು ಕುಡಿಸಿದ. ಅಷ್ಟು ವರ್ಷ ಜೀವ ಉಳಿಸಿದ ಬುದ್ಧಿಯನ್ನೇ ಇವನು ಕಡೆಯತನಕ ಹಿಡಿದುಕೊಂಡ, ಅದೇ ಎಮ್ಮಿಯನ್ನು ಕೊಂದಿತು.

"ಏನಂದ್ರವಾ ಸಾಹೇಬ್ರು?" ಮೇಲಿನಿಂದ ಅಪ್ಪ ಕೂಗಿದ. ಮುಖದ ತುಂಬ ನಗು.

ಚಾಚಾ ಇಳಿದು ಬಂದು ಕೆಂಪು ನೀರನ್ನು ನೋಡಿದ್ದ. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನನ್ನ ಕೈ ಹಿಡಿದು, "ಉಸ್ತಾದ್‌ಗ ಹೇಳಬ್ಯಾಡ ಬೇಟಿ. ಬಿರಡಿ ತೆಗದಾಂವ ನಾ ಇದ್ದೇನಿ. ನಾ ಹ್ಯಾಂಗರೆ ತಡಕೋತೇನಿ, ಅವರು ತಡಕೊಳ್ಳಾಂಗಿಲ್ಲ," ಎಂದು ಅಳತೊಡಗಿದ. ಅವ್ವನ ಕಡೆ ನೋಡಿದೆ. ಜೀವಮಾನವಿಡೀ ಸವತಿ ಎಂದು ಬೈದವಳು ಸೆರಗು ಬಾಯಿಗೆ ಒತ್ತಿಕೊಂಡು ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು.

ಅತ್ತ ದರಿ, ಇತ್ತ ಪುಲಿ. ಮೇಲೆ ಹತ್ತಿ ಅವನ ಕಿವಿಯಲ್ಲಿ ಕೂಗಿದೆ: "ಈ ಸಲ ಸಣ್ಣ ಇಂಜಿನ್ ಬೇಕಂತ ಯಪ್ಪಾ. ನಮ್ಮ ಎಮ್ಮಿ ಭಾಳ ದೊಡ್ಡದಂತ."

ಅಪ್ಪನ ಮುಖ ಸ್ವಲ್ಪ ಬಾಡಿತು. ಆಮೇಲೆ ಅವನೇ ಸಮಾಧಾನ ಮಾಡಿಕೊಂಡ. "ಆಗ್ಲೇಳು. ದೊಡ್ಡದಕ್ಕೂ ಪಾಳಿ ಬರ್ತದ. ಅಲ್ಲೀ ತನಕ ನೀರ್ ಮಾತ್ರ ಕಮ್ಮಿ ಆಗಬಾರದು."

ನಾನು ಸುಳ್ಳು ಹೇಳಿ ಗೆದ್ದೆ ಎಂದುಕೊಂಡಿದ್ದೆ. ಎಳ್ಳಮಾಸಿ ಬರುವುದನ್ನು ಮರೆತಿದ್ದೆ.

ಮೊನ್ನೆ ಎಳ್ಳಮಾಸಿಗೆ ಅಪ್ಪನನ್ನು ತಡೆಯಲು ಏನೇನೋ ಹೇಳಿ ನೋಡಿದೆವು. ಚಳಿ ಎಂದೆವು, ಎದೆ ಸರಿಯಿಲ್ಲ ಎಂದೆವು, ಮಾದನಹಿಪ್ಪರಗಾಕ್ಕೆ ಹೋಗೋಣ ಎಂದು ಅವ್ವನೂ ಅಂದಳು. ಕೇಳಲಿಲ್ಲ. ಪರೀಕ್ಷೆಗೆಂದು ನೀರೆಲ್ಲ ಖಾಲಿ ಮಾಡಿರುತ್ತಾರೆ, ಈ ವರ್ಷ ಟ್ಯಾಂಕರೇ ಬೇಕು ಎಂದ. ತಮ್ಮ ಅವನನ್ನು ಮಗುವಿನಂತೆ ಎತ್ತಿ ಸೀಟಿನಲ್ಲಿ ಕೂರಿಸಿದ. ಚಾಚಾ ಬಟ್ಟೆಯ ಗಂಟು ಬಿಚ್ಚಿ ಗ್ಲಾಸು ಕೂಡಿಸಿದ. ನಾನು ಏಣಿ ಹತ್ತಿ ಪೈಪು ಹಿಡಿದೆ.

ಮೇಲೆ ಬಿಟ್ಟ ನೀರು ಕೆಳಗಿನ ತೂತಿನಿಂದ ಜೋರಾಗಿ ಹರಿದು ಹುಲ್ಲಿನ ಮೇಲೆ ಹೋಗುತ್ತಿತ್ತು. ಟ್ಯಾಂಕರಿನವನು ಗಾಬರಿಯಿಂದ ಓಡಿ ಬಂದು, "ಅಕ್ಕಾರ, ನೀರೆಲ್ಲಾ ಕೆಳಗ ಹೋಗಾಕತ್ತದ್ರಿ!" ಎಂದು ಕೂಗಿದ. ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ಅವನು ನಮ್ಮನ್ನೆಲ್ಲ ಹುಚ್ಚರನ್ನು ನೋಡುವಂತೆ ನೋಡಿದ. ಅಪ್ಪನಿಗೆ ಅವನ ಕೂಗೂ ಕೇಳಲಿಲ್ಲ, ನೀರು ಹರಿಯುವುದೂ ಕೇಳಲಿಲ್ಲ. ಅವನು ಗ್ಲಾಸಿನಿಂದ ಕಣ್ಣು ತೆಗೆದಿರಲಿಲ್ಲ.

ಟ್ಯಾಂಕರ್ ಖಾಲಿಯಾಯಿತು. ಕೆಳಗೆ ನಿಂತವರ ಪಾದಗಳೆಲ್ಲ ತೊಯ್ದಿದ್ದವು. ಅವ್ವ ಬುತ್ತಿಯ ಗಂಟನ್ನು ಕೆಸರಿನಿಂದ ಎತ್ತಿ ತಲೆಯ ಮೇಲೆ ಇಟ್ಟುಕೊಂಡಿದ್ದಳು. ನಾನು ಅಪ್ಪನ ಹತ್ತಿರ ಹೋಗಿ, ಸಾಕು, ಇಳಿ ಯಪ್ಪಾ, ಉಣ್ಣೋಣ ಎಂದು ಕೂಗಿದೆ. ಅವನು ಸಂಕಟದಿಂದ ನನ್ನ ಮುಖ ನೋಡಿದ.

"ಇನ್ನಾ ಕಾಣವಲ್ದವಾ. ಎಷ್ಟು ಬಾಯಾರಿತ್ತೋ ಏನೋ, ಎಲ್ಲಾ ಕುಡದಬಿಡ್ತು. ಟ್ಯಾಂಕರ್ ಮುಗದ್ರ ಕೊಡ ಅದಾವಲ್ಲ, ತಗೊಂಬಾ."

ಗ್ಲಾಸಿನಲ್ಲಿ ನೀರು ಕಾಣದ ಹೊರತು ಅಪ್ಪ ಕೆಳಗಿಳಿಯುವವನಲ್ಲ. ನಾನು ಕೊಡ ಎತ್ತಿಕೊಂಡು ಸ್ಟೇಷನ್ನಿನ ನಳದ ಕಡೆ ಹೊರಟೆ.